ಮೇ 31ರ ಸಂಜೆ

ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಬಂದರೆ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತು ಎಂದು ಲೆಕ್ಕ. ಐವತ್ತು ಅರವತ್ತು ವರ್ಷಗಳ ಹಿಂದೆ ನಮ್ಮ ಎಷ್ಟೋ ಹಳ್ಳಿಗಳಲ್ಲಿ ದಾಖಲಾತಿ ಹೀಗೇ ನಡೆಯುತ್ತಿತ್ತು. ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ತಾಯಿ ಯುಗಾದಿ ಕಳೆದು ಹದಿನೈದು ದಿನಕ್ಕೆ ಎಂದೋ, ಕೆರೆ ಕೋಡಿ ಬಿದ್ದ ವರ್ಷ ಎಂದೋ ಹೇಳುತ್ತಿದ್ದಳು. ಮೇಷ್ಟ್ರು ಮನಸ್ಸಿನಲ್ಲೇ ಕೂಡಿ ಕಳೆದು, ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ಸರಿಹೊಂದುವಂತೆ ಮೇ ತಿಂಗಳ ಒಂದು ತಾರೀಖನ್ನೋ ಜೂನ್ ಒಂದನ್ನೋ ದಾಖಲಾತಿ ಪುಸ್ತಕಕ್ಕೆ ಬರೆದುಬಿಡುತ್ತಿದ್ದರು.

ಆ ಮಕ್ಕಳಲ್ಲಿ ಹಲವರು ಓದಿ ತಾವೇ ಶಿಕ್ಷಕರಾದರು. ಅವತ್ತು ಮೇಷ್ಟ್ರು ಬರೆದ ತಾರೀಖು ಸೇವಾ ಪುಸ್ತಕಕ್ಕೆ ಬಂತು. ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಖು ಹುಟ್ಟಿದವರು ಅದರ ಹಿಂದಿನ ದಿನವೇ ಹೊರಡಬೇಕು. ಹಾಗಾಗಿ ಮೇ ತಿಂಗಳಲ್ಲಿ ಹುಟ್ಟಿದವರೂ ಜೂನ್ ಒಂದರವರೂ ಒಟ್ಟಿಗೇ ಬಂದು ನಿಲ್ಲುವುದು ಮೇ 31ರ ಸಂಜೆಗೆ. ರಾಜ್ಯದ ಯಾವ ಕಚೇರಿಗೆ ಹೋದರೂ ಆ ದಿನ ಶಾಲು, ಹಾರ, ಹಣ್ಣಿನ ತಟ್ಟೆ.

ನಾನು ಪಶ್ಚಿಮ ಬೆಂಗಳೂರಿನ ಶ್ರೀಗಂಧದ ಕಾವಲ್‌ನಲ್ಲಿ ಇಂಥ ಬೀಳ್ಕೊಡುಗೆಯಲ್ಲಿ ಕುಳಿತಿದ್ದೇನೆ. ಶಾಲೆ ತೆರೆದು ಎರಡು ಮೂರು ದಿನವಾಗಿರುತ್ತದೆ. ಕೊಠಡಿಯ ಮೂಲೆಯಲ್ಲಿ ಹೊಸ ಪಠ್ಯಪುಸ್ತಕದ ಕಟ್ಟುಗಳು, ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಟೀಚರ್ ಹೆಸರು, ಮುಂದಿನ ಸಾಲಿನಲ್ಲಿ ಅತ್ತು ಕಣ್ಣು ಕೆಂಪಾದ ಹೆಣ್ಣುಮಕ್ಕಳು. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಕಾವಲು ಭೂಮಿಯಾಗಿದ್ದ ಜಾಗ ಇದು. ಈಗ ಸುಂಕದಕಟ್ಟೆ, ಹೇರೋಹಳ್ಳಿ, ಕೊಟ್ಟಿಗೆಪಾಳ್ಯಗಳ ನಡುವೆ ಮನೆಗೆ ಮನೆ ಅಂಟಿಕೊಂಡು ಬೆಳೆದಿದೆ. ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಂದವರು, ರಾಯಚೂರು ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಸೇರಬೇಕಾದ ತಾಯಂದಿರು, ಇವರ ಮಕ್ಕಳು ಸರ್ಕಾರಿ ಶಾಲೆಗೆ ಬರುತ್ತಾರೆ. ಇಂಥ ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಇರುವುದಿಲ್ಲ. ಅದಕ್ಕೆ ಸಿಗುವ ಪಾಠ ಶಾಲೆಯಲ್ಲಿ ಸಿಕ್ಕಿದ್ದಷ್ಟೇ. ಆದ್ದರಿಂದಲೇ ಬೀಳ್ಕೊಡುಗೆ ಮುಗಿಸಿ ಹೊರಗೆ ಬರುವಾಗ ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆ ಈ ತರಗತಿಗೆ ಯಾರು ಬರುತ್ತಾರೆ?

ಸರ್ಕಾರದ ಕೆಲಸಗಳಲ್ಲಿ ಮುಂಚಿತವಾಗಿ ಗೊತ್ತಾಗದ ಸಂಗತಿಗಳು ನೂರಿವೆ. ಮಳೆ ಯಾವಾಗ ಕೈಕೊಡುತ್ತದೆ, ಯಾವ ರೋಗ ಹರಡುತ್ತದೆ ಎಂದು ಯಾರೂ ಹೇಳಲಾರರು. ಆದರೆ ಶಿಕ್ಷಕರು ನಿವೃತ್ತರಾಗುವ ದಿನ ಅವರು ಕೆಲಸಕ್ಕೆ ಸೇರಿದ ದಿನವೇ ಕಾಗದದ ಮೇಲಿರುತ್ತದೆ. ಮೂವತ್ತು ವರ್ಷ ಮೊದಲೇ ಗೊತ್ತಿರುವ ಖಾಲಿ ಜಾಗ ಅದು. ಸಣ್ಣ ಲೆಕ್ಕ ಹಾಕೋಣ. ಎರಡು ಲಕ್ಷ ಶಿಕ್ಷಕರಿದ್ದು, ಒಬ್ಬೊಬ್ಬರ ಸೇವೆ ಸರಾಸರಿ ಮೂವತ್ತೆರಡು ವರ್ಷ ಎಂದುಕೊಂಡರೆ ವರ್ಷಕ್ಕೆ ಆರು ಸಾವಿರದಷ್ಟು ಮಂದಿ ಹೊರಡುತ್ತಾರೆ. ಅಂದರೆ ವರ್ಷಕ್ಕೆ ಆರು ಸಾವಿರ ಮಂದಿ ಒಳಗೆ ಬರಬೇಕು. ಇಷ್ಟೇ ಆಗಿದ್ದರೆ ಈ ಅಂಕಣ ಬರೆಯುವ ಅಗತ್ಯವಿರಲಿಲ್ಲ.

ನಡೆದದ್ದು ಬೇರೆ. ನಮ್ಮಲ್ಲಿ ನೇಮಕಾತಿ ಐದಾರು ವರ್ಷ ಬತ್ತಿ ಒಮ್ಮೆಲೇ ಕೋಡಿ ಹರಿಯುವ ಕೆರೆಯ ಹಾಗೆ. ಅಂಥ ದೊಡ್ಡ ಕೋಡಿ ಹರಿದದ್ದು 1990ರ ದಶಕದ ಕೊನೆಯ ಭಾಗದಲ್ಲಿ. 1994ರಿಂದ 1999ರವರೆಗೆ ದೇವೇಗೌಡ ಮತ್ತು ಜೆ.ಎಚ್. ಪಟೇಲರ ಸಂಪುಟಗಳಲ್ಲಿ ಶಿಕ್ಷಣ ಸಚಿವರಾಗಿದ್ದವರು ಕೊಪ್ಪದ ಎಚ್.ಜಿ. ಗೋವಿಂದೇಗೌಡರು. ಅವರ ಕಾಲದಲ್ಲಿ ಲಕ್ಷದಷ್ಟು ಶಿಕ್ಷಕರ ನೇಮಕವಾಯಿತು ಎಂದು ನಾಡು ಇವತ್ತಿಗೂ ನೆನೆಯುತ್ತದೆ. ಸಂಖ್ಯೆಗಿಂತ ಹೆಚ್ಚಾಗಿ ನೆನೆಯುವುದು ನೇಮಕ ನಡೆದ ರೀತಿಯನ್ನು. ಅಂಕಪಟ್ಟಿ ನೋಡಿ, ಮೀಸಲಾತಿ ನೋಡಿ, ಪಟ್ಟಿ ಪ್ರಕಟಿಸಿ ಆದೇಶ ಕೊಟ್ಟರು, ಯಾರಿಗೂ ಒಂದು ಕಾಸು ಕೊಡಬೇಕಾಗಲಿಲ್ಲ. ಟಿಸಿಎಚ್ ಶಿಕ್ಷಕ ತರಬೇತಿ ಮುಗಿಸಿ ಕೂಲಿಗೆ ಹೋಗುತ್ತಿದ್ದ ಹುಡುಗ, ಊರು ಬಿಟ್ಟು ಹೊರಗೆ ಹೋಗದಿದ್ದ ಹುಡುಗಿ, ಶಿಫಾರಸು ಮಾಡುವವರು ಯಾರೂ ಇಲ್ಲದ ಮನೆಗಳ ಮೊದಲ ತಲೆಮಾರಿನ ಓದುಬಲ್ಲವರು ಹಾಗೆ ಸರ್ಕಾರಿ ಶಾಲೆಯ ಬಾಗಿಲು ದಾಟಿದರು. ನಾನು ಕಂಡ ಒಳ್ಳೆಯ ಶಿಕ್ಷಕರಲ್ಲಿ ಬಹಳ ಮಂದಿ ಆ ತಂಡದವರು. ಸೇರಿದ ಇಸವಿ ಕೇಳಿದರೆ ಅವರು ಗೋವಿಂದೇಗೌಡರ ಕಾಲದಲ್ಲಿ ಎಂದು ಉತ್ತರಿಸುತ್ತಾರೆ.

ಈಗ ಅವರ ವಯಸ್ಸು ಲೆಕ್ಕ ಹಾಕಿ. 1996ರಲ್ಲಿ ಇಪ್ಪತ್ತಾರು ವರ್ಷಕ್ಕೆ ಸೇರಿದವರು 2030ರಲ್ಲಿ ನಿವೃತ್ತರಾಗುತ್ತಾರೆ. ಆಗ ಮೂವತ್ತು ದಾಟಿದ್ದವರು ಈಗಾಗಲೇ ಹೊರಡುತ್ತಿದ್ದಾರೆ, ಇಪ್ಪತ್ತೆರಡರವರು 2034ರ ಆಸುಪಾಸಿನಲ್ಲಿ ಹೊರಡುತ್ತಾರೆ. ಒಟ್ಟಿಗೇ ಬಂದವರು ಒಟ್ಟಿಗೇ ಹೋಗುವ ಹೊತ್ತು ಇದು. ಮುಂದಿನ ಎಂಟು ಹತ್ತು ವರ್ಷ ಬೀಳ್ಕೊಡುಗೆಗಳ ಕಾಲ.

ಬರುವವರ ಕಡೆಗೆ ತಿರುಗಿದರೆ ಕಥೆ ಇನ್ನೂ ಸಿಕ್ಕುಸಿಕ್ಕಾಗಿದೆ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರು ಬೇಕೆಂದು 2022ರಲ್ಲಿ ಅರ್ಜಿ ಕರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಗಳು ಜಾತಿ ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. ಪಟ್ಟಿ ಬಂತು, ರದ್ದಾಯಿತು, ಮತ್ತೊಂದು ಪಟ್ಟಿ ಬಂತು. ಬಹುಪಾಲು ಮಂದಿಗೆ ನೇಮಕಾತಿ ಆದೇಶ ಕೈಸೇರಿದ್ದು 2023ರ ಕೊನೆಯ ತಿಂಗಳುಗಳಲ್ಲಿ. ಇಷ್ಟೆಲ್ಲ ಆದ ಮೇಲೂ ಆಯ್ಕೆಯಾದವರು 13 ಸಾವಿರ ಚಿಲ್ಲರೆ. ಉಳಿದ ಹುದ್ದೆಗಳಿಗೆ ಅರ್ಹತೆಯ ಗೆರೆ ದಾಟಿದವರು ಸಿಗಲಿಲ್ಲ.

ಆಮೇಲೆ ಒಳಮೀಸಲಾತಿಯ ಪ್ರಶ್ನೆ ಬಂತು. ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ದಶಕಗಳ ಹೋರಾಟಕ್ಕೆ ಸಿಕ್ಕ ನ್ಯಾಯ ಅದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹಂಚಿಕೆ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ರಾಜ್ಯ ಸಂಪುಟ ಆ ವರ್ಷದ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಈ ಹಂಚಿಕೆಗೆಂದು ನೇಮಿಸಿದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ, ಸಂಪುಟ ಒಪ್ಪಿಗೆ ಕೊಟ್ಟದ್ದೂ ಅದೇ ತಿಂಗಳು. ಈ ನಡುವೆ ಪ್ರತಿ ತಿಂಗಳ ಕೊನೆಯ ದಿನ ಎಂದಿನಂತೆ ಬರುತ್ತಲೇ ಇತ್ತು, ಶಿಕ್ಷಕರು ಹೊರಡುತ್ತಲೇ ಇದ್ದರು. ಹುದ್ದೆ ತುಂಬುವುದಕ್ಕೆ ತಡೆಯಾಜ್ಞೆ ಬರಬಹುದು, ವಯಸ್ಸಿಗೆ ತಡೆಯಾಜ್ಞೆ ಇಲ್ಲ.

ಖಾಲಿ ಬಿದ್ದ ಜಾಗಕ್ಕೆ ಬರುವವರು ಅತಿಥಿ ಶಿಕ್ಷಕರು. ರಾಜ್ಯದ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಹುದ್ದೆಗಳು ಐವತ್ತು ಸಾವಿರಕ್ಕೂ ಮಿಗಿಲು, ಅತಿಥಿ ಶಿಕ್ಷಕರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. 2025-26ರಲ್ಲಿ ಎರಡು ಸಾವಿರ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12 ಸಾವಿರ ರೂಪಾಯಿ. ಸುಂಕದಕಟ್ಟೆಯಲ್ಲಿ ಒಂದು ಕೋಣೆ ಒಂದು ಅಡುಗೆಮನೆಯ ಬಾಡಿಗೆ ಕೊಟ್ಟರೆ ಅದರಲ್ಲಿ ಏನು ಉಳಿಯುತ್ತದೆ ಎಂದು ಇಲ್ಲಿನ ಯಾರನ್ನಾದರೂ ಕೇಳಿ. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ, ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆಂಬ ಖಾತರಿಯಿಲ್ಲ. ಹಾಗಿದ್ದೂ ಎಷ್ಟೋ ಶಾಲೆಗಳು ಬಾಗಿಲು ತೆರೆದಿರುವುದು ಇವರಿಂದಲೇ. ಅತಿಥಿ ಎಂಬ ಮಾತು ನನಗೆ ನುಂಗಲಾಗದ ತುತ್ತು. ಹತ್ತು ವರ್ಷ ಪಾಠ ಮಾಡಿದವರನ್ನು ಮನೆಗೆ ಬಂದುಹೋಗುವವರಂತೆ ಕರೆಯುವುದು ಸಲ್ಲದು.

ಬೆಂಗಳೂರಿನ ಓದುಗರಿಗೆ ಕೆಲವೊಮ್ಮೆ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಕಾರಣವಿದೆ. ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ವರ್ಗಾವಣೆ ಕೇಳಿಕೊಂಡು ಕಾದವರ ಸಾಲೇ ಇರುತ್ತದೆ. ಗಂಡ ಇಲ್ಲಿ, ಹೆಂಡತಿ ಅಲ್ಲಿ, ವಯಸ್ಸಾದ ತಂದೆತಾಯಿಗೆ ಇಲ್ಲಿ ಚಿಕಿತ್ಸೆ, ಹೀಗೆ ಅವರವರ ಕಷ್ಟ ಅವರವರಿಗೆ. ಕೌನ್ಸೆಲಿಂಗ್‌ನಲ್ಲಿ ಒಬ್ಬರು ನಗರಕ್ಕೆ ಬಂದರೆ ಅವರು ಬಿಟ್ಟುಬಂದ ಊರಿನಲ್ಲಿ ಕುರ್ಚಿ ಖಾಲಿ. ಅದಕ್ಕೆ ಇನ್ನೊಬ್ಬರು, ಅವರ ಜಾಗ ಖಾಲಿ. ವರ್ಗಾವಣೆ ಕಾಯ್ದೆ ಹಾಕಿರುವ ಮಿತಿಗಳು ಈ ಸರಪಳಿಯನ್ನು ಸ್ವಲ್ಪ ಬಿಗಿ ಹಿಡಿದಿವೆ, ನಿಜ. ಆದರೂ ಬೆಂಗಳೂರಿನ ಬೀಳ್ಕೊಡುಗೆಯ ಖಾಲಿತನ ಊರಿಂದ ಊರಿಗೆ ಸರಿದು ಕೊನೆಗೆ ನೆಲೆಯಾಗುವುದು ಬಸ್ಸು ದಿನಕ್ಕೆರಡು ಬಾರಿ ಬರುವ ಊರಿನಲ್ಲಿ. ಶಾಲೆಗಳ ಅಂಕಿಅಂಶ ಕೊಡುವ ಕೇಂದ್ರದ 2024-25ರ ಯುಡೈಸ್ ವರದಿಯ ಪ್ರಕಾರ ಕರ್ನಾಟಕದಲ್ಲಿ ಏಕೋಪಾಧ್ಯಾಯ ಶಾಲೆಗಳು 7,349. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಒಬ್ಬರೇ ಇರುವ ಶಾಲೆಯಲ್ಲಿ ಅವರಿಗೆ ಜ್ವರ ಬಂದರೆ ಶಾಲೆಗೇ ಜ್ವರ.

ಹಾಗಾದರೆ ನಾಡಿನಲ್ಲಿ ಓದಿ ತಯಾರಾದವರೇ ಇಲ್ಲವೆ? ಇದಕ್ಕೆ ಉತ್ತರ ಬೇಕಿದ್ದರೆ ಸುಂಕದಕಟ್ಟೆಯಲ್ಲಿ ಬಸ್ಸು ಹತ್ತಿ ವಿಜಯನಗರಕ್ಕೆ ಹೋಗಬೇಕು. ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರುಗಳ ಫಲಕಗಳು, ಪಿಜಿಗಳು, ಜೆರಾಕ್ಸ್ ಅಂಗಡಿಗಳು. ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗ್ಗೆಯೇ ಜಾಗ ಹಿಡಿಯದಿದ್ದರೆ ಕೂರಲು ಕುರ್ಚಿ ಸಿಗದು. ಅಲ್ಲಿ ಬಿ.ಇಡಿ ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿ, ಅಧಿಸೂಚನೆಗಾಗಿ ಕಾಯುತ್ತ, ಕಾಯುವ ಬೇಸರಕ್ಕೆ ಪಿಡಿಒ, ಎಫ್‌ಡಿಎ ಪರೀಕ್ಷೆಗೂ ಓದುತ್ತಿರುವವರು ಕುಳಿತಿದ್ದಾರೆ. ಬೆಳಗ್ಗೆ ಪಾಠ, ಮಧ್ಯಾಹ್ನದ ಮೇಲೆ ಓದು ಎಂದು ಗಲ್ಲಿಯ ಖಾಸಗಿ ಶಾಲೆಗಳಲ್ಲಿ ಸಣ್ಣ ಸಂಬಳಕ್ಕೆ ದುಡಿಯುವವರೂ ಇದ್ದಾರೆ. ಶ್ರೀಗಂಧದ ಕಾವಲ್‌ನಲ್ಲಿ ಖಾಲಿ ಕುರ್ಚಿ, ಹಂಪಿನಗರದಲ್ಲಿ ಕುರ್ಚಿಯೇ ಸಾಲದಷ್ಟು ಶಿಕ್ಷಕರಾಗಬಲ್ಲವರು. ಎರಡರ ನಡುವೆ ಅರ್ಧ ಮುಕ್ಕಾಲು ಗಂಟೆಯ ಬಸ್ ಪ್ರಯಾಣ.

ಆದರೆ ಎಲ್ಲ ಅರ್ಹತೆ ಎಲ್ಲ ತರಗತಿಗೂ ಸಲ್ಲುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಂದರಿಂದ ಐದನೇ ತರಗತಿಯವರೆಗೆ ಕಲಿಸಲು ಬೇಕಾದ್ದು ಡಿ.ಎಲ್.ಇಡಿ, ಅಂದರೆ ಹಿಂದಿನ ಟಿಸಿಎಚ್, ಡಿ.ಇಡಿಗಳ ಇಂದಿನ ರೂಪ. ಬಿ.ಇಡಿ ಮಾಡಿದವರನ್ನೂ ಈ ತರಗತಿಗಳಿಗೆ ತೆಗೆದುಕೊಳ್ಳಬಹುದು ಎಂದು 2018ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇ ಹೇಳಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವುದು ಬೇರೆಯದೇ ವಿದ್ಯೆ ಎಂಬ ಈ ತೀರ್ಪಿನ ತಿರುಳು ನನಗೆ ಸರಿ ಎನಿಸುತ್ತದೆ. ತೊಂದರೆ ಎಂದರೆ, ಆ ವಿದ್ಯೆ ಕಲಿಸುವ ಕಾಲೇಜುಗಳೇ ಬಾಗಿಲು ಹಾಕುತ್ತ ಬಂದಿವೆ. ಗೋವಿಂದೇಗೌಡರ ಕಾಲದ ನೇಮಕ ಕಂಡು ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲೂ ಡಿ.ಇಡಿ ಕಾಲೇಜುಗಳು ಹುಟ್ಟಿದವು. ಆಮೇಲೆ ನೇಮಕ ನಿಧಾನವಾಯಿತು, ಟಿಇಟಿ ಬಂತು, ಸೀಟುಗಳು ಖಾಲಿ ಬಿದ್ದವು. ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿ ಎರಡು ವರ್ಷ ಡಿ.ಎಲ್.ಇಡಿ ಓದಿ, ಟಿಇಟಿ ಬರೆದು, ಮತ್ತೆ ಯಾವಾಗಲೋ ಬರುವ ನೇಮಕಾತಿ ಪರೀಕ್ಷೆಗೆ ಕಾಯುವ ಧೈರ್ಯ ಹೇಗೆ ಮಾಡಿಯಾಳು? ಅವಳ ಅಕ್ಕ ಕಾದು ಕಾದು ವಯೋಮಿತಿ ಮೀರಿದ್ದನ್ನು ಅವಳು ನೋಡಿದ್ದಾಳೆ. ಅವಳು ಬಿ.ಕಾಂ ಸೇರುತ್ತಾಳೆ. ಐದು ವರ್ಷದ ನಂತರ ಸರ್ಕಾರ ಅರ್ಜಿ ಕರೆದಾಗ ಅರ್ಹರಿಲ್ಲ ಎಂಬ ಮಾತು ಬರುತ್ತದೆ. ಅರ್ಹರು ಇಲ್ಲದ್ದಲ್ಲ, ಆಗಲು ಹೊರಟವರು ದಾರಿ ಬದಲಿಸಿದರು.

ನನ್ನ ಮಾತಿನ ಗಂಟು ಇಲ್ಲಿದೆ. ಒಂದೇ ಸಲ ಹದಿನೈದು ಸಾವಿರ ಹುದ್ದೆ ತುಂಬುವುದಕ್ಕಿಂತ ವರ್ಷ ವರ್ಷ ಮೂರು ಸಾವಿರ ತುಂಬುವುದು ಒಳ್ಳೆಯದು. ಒಟ್ಟು ಸಂಖ್ಯೆ ಅಷ್ಟೇ ಇರಬಹುದು. ಆದರೆ ಪ್ರತಿ ವರ್ಷ ಇಂಥ ತಿಂಗಳು ಅಧಿಸೂಚನೆ ಬರುತ್ತದೆ ಎಂದು ಗೊತ್ತಿದ್ದರೆ ಹದಿನೆಂಟರ ಹುಡುಗಿ ಆ ದಾರಿ ಹಿಡಿಯುತ್ತಾಳೆ, ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರೆ, ಒಂದು ಪಟ್ಟಿ ಕೋರ್ಟಿನಲ್ಲಿ ನಿಂತರೂ ನಾಡಿನ ಶಾಲೆಗಳೆಲ್ಲ ನಿಲ್ಲುವುದಿಲ್ಲ. ಮೂವತ್ತು ವರ್ಷದ ನಂತರ ಒಟ್ಟಿಗೇ ಖಾಲಿಯಾಗುವ ಕಾಟವೂ ಇರದು. ಇಂಗ್ಲೆಂಡಿನಲ್ಲಿ ಯಾವ ವಿಷಯಕ್ಕೆ ಎಷ್ಟು ಶಿಕ್ಷಕರನ್ನು ತರಬೇತಿಗೆ ತೆಗೆದುಕೊಳ್ಳಬೇಕೆಂದು ಅಲ್ಲಿನ ಶಿಕ್ಷಣ ಇಲಾಖೆ ನಿವೃತ್ತಿ, ರಾಜೀನಾಮೆ, ಮಕ್ಕಳ ಸಂಖ್ಯೆ ಎಲ್ಲವನ್ನೂ ಕೂಡಿ ಕಳೆದು ವರ್ಷ ವರ್ಷ ಗುರಿ ಪ್ರಕಟಿಸುತ್ತದೆ. ಅಲ್ಲೂ ಗುರಿ ತಪ್ಪುತ್ತದೆ, ಭೌತಶಾಸ್ತ್ರಕ್ಕಂತೂ ಜನ ಸಿಗುವುದಿಲ್ಲ. ಆದರೆ ಎಷ್ಟು ತಪ್ಪಿತು ಎಂದಾದರೂ ಪೋಷಕರಿಗೆ ತಿಳಿಯುತ್ತದೆ. 2030ರೊಳಗೆ ಜಗತ್ತಿಗೆ 4.4 ಕೋಟಿ ಹೊಸ ಶಿಕ್ಷಕರು ಬೇಕು ಎಂದು ಯುನೆಸ್ಕೊ ಅಂದಾಜು ಮಾಡಿದೆ. ನಮ್ಮ ಸಂಕಟ ನಮ್ಮೊಬ್ಬರದಲ್ಲ, ನಿಜ. ಆದರೆ ನಮ್ಮ ಕೈಯಲ್ಲಿ ಸೇವಾ ಪುಸ್ತಕಗಳಿವೆ.

ವರ್ಷದ ನಡುವೆ ಬರುವ ನಿವೃತ್ತಿಯ ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು. ಮೇ 31ರಂದು ಹೋದವರ ಜಾಗಕ್ಕೆ ಜೂನ್‌ನಲ್ಲಿ ಯಾರಾದರೂ ಬಂದಾರು. ಗಣಿತದ ಶಿಕ್ಷಕರು ನವೆಂಬರ್ 30ಕ್ಕೆ ಹೊರಟರೆ? ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. ತ್ರಿಕೋನಮಿತಿ ಅರ್ಧಕ್ಕೆ ನಿಂತ ತರಗತಿಗೆ ಪಕ್ಕದ ಶಾಲೆಯಿಂದ ವಾರಕ್ಕೆರಡು ದಿನ ನಿಯೋಜನೆಯ ಮೇಲೆ ಒಬ್ಬರು ಬರುತ್ತಾರೆ. ಉತ್ತರ ಪ್ರದೇಶದಲ್ಲಿ ಇದಕ್ಕೆ ಸತ್ರಲಾಭ ಎಂಬ ಏರ್ಪಾಡಿದೆ, ವರ್ಷದ ನಡುವೆ ವಯಸ್ಸು ತುಂಬಿದ ಶಿಕ್ಷಕರು ಶೈಕ್ಷಣಿಕ ವರ್ಷ ಮುಗಿಯುವವರೆಗೆ ಮುಂದುವರಿಯುತ್ತಾರೆ. ನಮ್ಮಲ್ಲೂ ಇದನ್ನು ತರಬಹುದು. ಕೆಲವು ತಿಂಗಳ ಸಂಬಳದ ವೆಚ್ಚ, ಒಂದು ಇಡೀ ತರಗತಿಯ ಫಲಿತಾಂಶ, ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಲಿ.

ಈಗ ಇನ್ನೊಂದು ತಿರುವು. ಎಂಟನೇ ತರಗತಿಯವರೆಗೆ ಕಲಿಸುವ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಕ್ಕಿಂತ ಕಡಿಮೆ ಸೇವೆ ಉಳಿದವರಿಗೆ ವಿನಾಯಿತಿ ಇದೆ, ಬಡ್ತಿ ಬೇಕಾದರೆ ಅವರಿಗೂ ಟಿಇಟಿ ಬೇಕು. 1990ರ ದಶಕದ ತಂಡದಲ್ಲಿ ಚಿಕ್ಕವರಾಗಿದ್ದವರು ಈಗ ಐವತ್ತೆರಡು ಐವತ್ತಮೂರರಲ್ಲಿ ತಮ್ಮ ವಿದ್ಯಾರ್ಥಿಗಳ ಪಕ್ಕ ಕುಳಿತು ಪರೀಕ್ಷೆ ಬರೆಯುವ ಪರಿಸ್ಥಿತಿ. ಶಿಕ್ಷಕರ ಜ್ಞಾನ ಹೊಸತಾಗಬೇಕೆಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ. ಆದರೆ ಅವರನ್ನು ಕೈಹಿಡಿದು ಸಿದ್ಧಪಡಿಸುವ ಹೊಣೆ ಇಲಾಖೆಯದು. ಪಶ್ಚಿಮ ಬೆಂಗಳೂರಿನಲ್ಲಿ ಅದಕ್ಕೆ ಸ್ಥಳವೂ ಇದೆ. ರಾಜಾಜಿನಗರದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆ ಕಲಿಸುತ್ತ ಬಂದಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಜ್ಞಾನಭಾರತಿ ಆವರಣದಲ್ಲಿದೆ. ಪರೀಕ್ಷೆ ಪಾಸಾಗದೆ ಮನೆಗೆ ಹೋಗಬೇಕಾದವರ ಸಂಖ್ಯೆ ನಿವೃತ್ತಿಯ ಲೆಕ್ಕಕ್ಕೆ ಕೂಡಿಕೊಂಡರೆ ಆ ಕೊರತೆಯನ್ನು ಯಾವ ಅತಿಥಿ ಶಿಕ್ಷಕರ ಪಟ್ಟಿಯೂ ತುಂಬಲಾರದು.

ಗಡಿಯಾಚೆಯ ಕಾಸರಗೋಡಿನಲ್ಲಿ ಇದೇ ನಿವೃತ್ತಿ ಇನ್ನೊಂದು ಬಗೆಯಲ್ಲಿ ನೋಯಿಸುತ್ತದೆ. ಕೇರಳದಲ್ಲಿ ಹಳೆಯ ಪಿಂಚಣಿ ಯೋಜನೆಯಲ್ಲಿರುವವರ ನಿವೃತ್ತಿ ವಯಸ್ಸು 56. ಅಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಬ್ಬ ಕನ್ನಡ ಬಲ್ಲ ಶಿಕ್ಷಕರು ಹೊರಟರೆ ಆ ಜಾಗಕ್ಕೆ ಕನ್ನಡ ಬಾರದವರು ನೇಮಕವಾಗಿ ಬಂದದ್ದುಂಟು. 2023ರಲ್ಲಿ ಅಡೂರಿನ ಸರ್ಕಾರಿ ಶಾಲೆಯಲ್ಲಿ ಇದೇ ಕಾರಣಕ್ಕೆ ಮಕ್ಕಳೂ ಪೋಷಕರೂ ಪ್ರತಿಭಟಿಸಿದರು. ಅಲ್ಲಿ ಒಬ್ಬರ ನಿವೃತ್ತಿಯೊಂದಿಗೆ ಹೋಗುವುದು ಪಾಠದ ಭಾಷೆಯೇ.

ನಮ್ಮ ಕಡೆಗೇ ಮರಳೋಣ. ಜೂನ್‌ನಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರುತ್ತದೆ. ಬಿಸಿಯೂಟ, ಶೌಚಾಲಯ, ಕಾಂಪೌಂಡಿನ ಮಾತು ನಡೆಯುತ್ತದೆ. ಮುಂದಿನ ಮೂರು ವರ್ಷದಲ್ಲಿ ನಮ್ಮ ಶಾಲೆಯಿಂದ ಯಾವ ತಿಂಗಳು ಯಾರು ನಿವೃತ್ತರಾಗುತ್ತಾರೆ, ಅವರು ಯಾವ ವಿಷಯ ಕಲಿಸುತ್ತಾರೆ ಎಂದು ಒಬ್ಬ ಪೋಷಕರು ಕೇಳಿದರೆ ಸಾಕು, ಮುಖ್ಯ ಶಿಕ್ಷಕರು ಐದು ನಿಮಿಷದಲ್ಲಿ ಬರೆದು ಕೊಡಬಲ್ಲರು. ಆ ಹಾಳೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ ಸ್ವೀಕೃತಿ ಪಡೆಯಬಹುದು, ಮರುವರ್ಷ ಅದನ್ನೇ ಹಿಡಿದು ಮತ್ತೆ ಕೇಳಬಹುದು. ನಾನು ಕುಳಿತಿದ್ದ ಬೀಳ್ಕೊಡುಗೆಯ ದಿನ ಟೀಚರ್ ಕೊನೆಯ ಸಲ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕಪಾಟಿನ ಬೀಗದ ಕೈ ಮೇಜಿನ ಮೇಲಿಟ್ಟರು. ಮೂರನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು, ಮಿಸ್, ನಾಳೆ ಯಾವ ಪಾಠ ಎಂದು ಕೇಳಿದ.